ದ್ರಾಕ್ಷಾಯಿಣಿ ತುಂಬಿ ತೋರಿಸಿದ ಎಸ್‌ಎಸ್‌ಡಿ

ಯಲಬುರ್ಗಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ದ್ರಾಕ್ಷಾಯಿಣಿಗೆ ಆ ಸೋಮವಾರ ಕುಷ್ಟಗಿ ಬಸ್ಸು ಹತ್ತುವಾಗಲೇ ಗೊತ್ತಿತ್ತು, ಈ ಆರ್ಡರ್ ಕೈತಪ್ಪಿದರೆ ಅಂಗಡಿಗೆ ಬೀಗ. ಅಲ್ಲಿನ ಖಾಸಗಿ ಕಾಲೇಜೊಂದರ ನಲವತ್ತು ಕಂಪ್ಯೂಟರುಗಳು ಎಷ್ಟು ಹಳೆಯವೆಂದರೆ, ಆನ್ ಆಗುವಷ್ಟರಲ್ಲಿ ಅರ್ಧ ಪೀರಿಯಡ್ಡೇ ಮುಗಿಯುತ್ತಿತ್ತು. ಒಳಗಿನ ತಿರುಗುವ ಡಿಸ್ಕ್ ತೆಗೆದು, ಎಲ್ಲವನ್ನೂ ಚಿಪ್ಪಿನಲ್ಲೇ ಹಿಡಿದಿಡುವ ಎಸ್‌ಎಸ್‌ಡಿ ಹಾಕಿದರೆ ಚುರುಕಾಗುತ್ತವೆ. ಆದರೆ ವರ್ಷದ ಹಿಂದೆ ಒಂದೂವರೆ ಸಾವಿರಕ್ಕೆ ಸಿಗುತ್ತಿದ್ದ ಆ ಚಪ್ಪಟೆ ಪೆಟ್ಟಿಗೆ ಈಗ ಮೂರು ಸಾವಿರ ಮುಟ್ಟಿತ್ತು. ಬೆಲೆ ಏರಿಸಿದವರು ಯಾವುದೋ ದೇಶದ ಕಾರ್ಖಾನೆಯವರು, ಗಿರಾಕಿಗಳಿಂದ ಬೈಸಿಕೊಳ್ಳುವವಳು ಮಾತ್ರ ಈಕೆ.

ಕಾಲೇಜಿನಲ್ಲಿ ನೋಡಿದರೆ ಗಂಗಾವತಿಯ ಹೊಸ ಅಂಗಡಿಯ ಗೋವಿಂದರಾಜ ಆಗಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆಕೆಯದಕ್ಕಿಂತ ನಾಲ್ಕು ಪಟ್ಟು ಜಾಗವಿರುವುದನ್ನು ಸಾವಿರದ ಇನ್ನೂರಕ್ಕೇ ಕೊಡುತ್ತಾನಂತೆ.

ಕಾಲೇಜಿನ ಅಧ್ಯಕ್ಷರಾದ ಅಂದಪ್ಪನವರದು ಹೆಸರುಕಾಳು, ತೊಗರಿಯ ವ್ಯಾಪಾರ. ಇಬ್ಬರ ಕೊಟೇಶನ್ನೂ ನೋಡಿ, "ನಿನ್ನ ರೇಟು ಭಾಳ ಆತಲ್ಲವ್ವ ತಂಗಿ" ಎಂದರು.

"ಸಾವಕಾರ್ರ, ನೀವು ಎಪಿಎಂಸಿಯಾಗ ಚೀಲದ ಬಾಯಿ ಅಷ್ಟ ನೋಡಿ ರೊಕ್ಕ ಕೊಡ್ತೀರೇನ್ರಿ?"

"ಎಲ್ಲಿದು. ನಡುವಿಗೆ ಕೊಳವಿ ಚುಚ್ಚಿ ಕಾಳು ತಗೀತೀನಿ. ತಳದಾಗ ಏನ್ ತುಂಬ್ಯಾರೋ ಯಾರಿಗ್ಗೊತ್ತು."

"ಇದನ್ನೂ ಹಂಗ ನೋಡೂಣ್ರಿ. ಎರಡನ್ನೂ ತುಂಬಿ ನೋಡೂಣು."

ತುಂಬಿ ನೋಡದೆ ಒಂದು ಡ್ರೈವನ್ನೂ ಮಾರಿದವಳಲ್ಲ ಆಕೆ. ವರ್ಷವರ್ಷದ ಕಾಲೇಜು ಗ್ಯಾದರಿಂಗ್ ಸಮಾರಂಭದ ವಿಡಿಯೊಗಳನ್ನೆಲ್ಲ ಇಬ್ಬರೂ ತಂದಿದ್ದ ಒಂದೊಂದು ಸ್ಯಾಂಪಲ್ಲಿಗೂ ಹಾಕತೊಡಗಿದಳು. ಬೆಳಿಗ್ಗೆ ಶುರುವಾದದ್ದು ಊಟದ ಹೊತ್ತಿಗೆ ಮುಗಿಯಿತು. ಆಕೆಯದು ಭರ್ತಿಯಾಗಿತ್ತು. ಗೋವಿಂದರಾಜನದು ಅಷ್ಟನ್ನೂ ನುಂಗಿ, ಇನ್ನೂ ಮುಕ್ಕಾಲು ಪಾಲು ಖಾಲಿ ಎಂದು ತೋರಿಸುತ್ತಿತ್ತು. ಅವನು ಮೀಸೆಯಡಿ ನಕ್ಕ. ಆ ಅಗ್ಗದ ಮಾಲಿನ ಮೇಲೆ ದ್ರಾಕ್ಷಾಯಿಣಿಗಿದ್ದ ಗುಮಾನಿ ಸುಳ್ಳಾದರೆ ಮರ್ಯಾದೆಯೂ ಹೋಯಿತು, ಅಂಗಡಿಯೂ ಹೋಯಿತು.

"ಈಗ ಎರಡರಾಗೂ ಕಡೀ ವಿಡಿಯೊ ತಗೀರಿ" ಎಂದಳು.

ಆಕೆಯದರಲ್ಲಿ ಹುಡುಗಿಯರು ಕೋಲಾಟ ಆಡಿದರು. ಅವನದು ತೆರೆಯಲಿಲ್ಲ. ಅದರ ಹಿಂದಿನದೂ ಇಲ್ಲ, ಅದರ ಹಿಂದಿನದೂ ಇಲ್ಲ. ಮೊದಲ ನಾಲ್ಕೈದು ಬಿಟ್ಟರೆ ಉಳಿದವುಗಳ ಹೆಸರಷ್ಟೇ ಇತ್ತು.

"ಒಳಗ ಇರೂದು ಸಣ್ಣ ಚಿಪ್ಪು. ದೊಡ್ಡದೈತಿ ಅಂತ ಸುಳ್ಳು ಹೇಳಾಕ ಕಲಿಸ್ಯಾರ. ತುಂಬಿದ ಮ್ಯಾಲ ಬಂದಿದ್ದನ್ನೆಲ್ಲ ಚೆಲ್ತೈತ್ರಿ."

ಅಂದಪ್ಪನವರು ಅಗ್ಗದ ಕೊಟೇಶನ್ ಹರಿದರು. "ನಲವತ್ತೂ ನೀನ ಹಾಕವ್ವ. ನೀ ಹೇಳಿದ ರೇಟಿಗೇ."

ದ್ರಾಕ್ಷಾಯಿಣಿ ವರಾಂಡಕ್ಕೆ ಬಂದು ಖುಷಿಯಿಂದ ಒಬ್ಬಳೇ ನಕ್ಕಳು. ಹಿಂದೆಯೇ ಬಂದ ಗೋವಿಂದರಾಜನ ಮುಖದಲ್ಲಿ ಕಳೆಯಿರಲಿಲ್ಲ.

"ಹೋಲ್‌ಸೇಲಿನವ ನನಗೂ ಟೋಪಿ ಹಾಕ್ಯಾನ್ರಿ ಅಕ್ಕಾರ. ಅಂಗಡ್ಯಾಗ ಇನ್ನೂ ಮುನ್ನೂರು ಅದಾವು. ಅದರಾಗ ಛಲೋವು ಎಷ್ಟದಾವೋ, ನೋಡಿ ಕೊಡ್ತೀರೇನ್ರಿ?"

"ನಾಳೆ ಯಲಬುರ್ಗಾಕ್ಕ ತಗೊಂಬರ್ರಿ" ಎಂದಳು ದ್ರಾಕ್ಷಾಯಿಣಿ. "ತುಂಬಿ ನೋಡಾಕ ಒಂದಕ್ಕ ಐವತ್ತು ರೂಪಾಯಿ."

ಚೌಕಾಸಿ ಮಾಡುವ ಧೈರ್ಯ ಅವನಿಗೆ ಬರಲಿಲ್ಲ.