ಎರಡಕ್ಕೂ ಹೊಂದುವ ಜಾಗ

ಈಗಲೇ ಹೇಳಿಬಿಡಲೇ, ಮಾಮಾನ ಚಹಾ ಮುಗಿಯಲಿ ಎಂದು ಕಾಯಲೇ? ಹುಲಕೋಟಿಯ ಆ ಪಡಸಾಲೆಯಲ್ಲಿ ವೀರೇಶ ನಕ್ಷೆಯ ಸುರುಳಿ ಬಿಚ್ಚದೆ ಕುಳಿತಿದ್ದ. ಎರಡು ಬಗೆಯ ಹಳೆಯ ಹೆಲಿಕಾಪ್ಟರುಗಳು ಪೈಲಟ್ ಇಲ್ಲದೆ ಹಾರುವಂತೆ, ಎರಡಕ್ಕೂ ಹೊಂದುವ ಒಂದೇ ನಿಯಂತ್ರಣ ಪೆಟ್ಟಿಗೆ ಮಾಡುವುದು ಅವನ ಕೆಲಸ. ಎರಡನ್ನೂ ಹಾರಿಸಿ, ಹೊಸಬರಿಗೆ ಕಲಿಸಿ ನಿವೃತ್ತನಾದ ಸೋದರಮಾವ ಸಿದ್ದಲಿಂಗೇಶನೇ ಆರು ತಿಂಗಳಿಂದ ಅವನ ಗುರು. ಎಷ್ಟು ಅಳೆದರೂ ಎರಡರಲ್ಲೂ ಅಳತೆ ಕೂಡಿದ್ದು ಒಂದೇ ಜಾಗ, ಪೈಲಟ್ ಕೂರುವ ಜಾಗ. ಕುರ್ಚಿ ಕಿತ್ತಾಗಿತ್ತು.

"ಪೆಟ್ಟಿಗಿ ಹಾರಸ್ಲಿ, ಬ್ಯಾಡನ್ನಂಗಿಲ್ಲ," ಎಂದ ಮಾಮಾ. "ಆದರ ಬಾಜೂಕ ಒಬ್ಬಾಂವ ಕುಂದ್ರಬೇಕಲೇ. ಕಲಿಯೋರನ್ನ ಒಬ್ಬರನ್ನೇ ಬಿಟ್ಟು ಇಳಿದಾಂವಲ್ಲ ನಾನು."

"ಅದಕ್ಕ ಮೂರು ರೊಟ್ಟಿ ಬಿಟ್ಟು ಒಂದಕ್ಕ ಬಂದಾರ," ಎಂದಳು ಮಾಮಾನ ಹೆಂಡತಿ ಕಾಂಚನಾ ಅತ್ತಿ. "ಹೆಲಿಕಾಪ್ಟರ್ ಇವರನ್ನ ಎತ್ತಬೇಕಲ್ಲಪಾ."

"ಡಾಕ್ಟರ್ ಪಾಸ್ ಮಾಡ್ಯಾರ. ಮೊದಲನೇ ಹಾರಾಟ ಯಾವಾಗಲೇ?"

"ಮುಂದಿನ ತಿಂಗಳ್ರಿ, ಮಾಮಾ."

"ಆತು. ಅಷ್ಟರಾಗ ಇನ್ನೆರಡು ಕಿಲೋ ಇಳಸ್ತೀನಿ."

ವೀರೇಶ ತಲೆಯಾಡಿಸಿ, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಆ ದಿನ ಹೆಲಿಕಾಪ್ಟರಿನ ಒಳಗೆ ಯಾರೂ ಇರುವುದಿಲ್ಲ ಎಂದು ಅವನು ಮಾಮಾನಿಗೆ ಕೊನೆಗೂ ಹೇಳಲಿಲ್ಲ.