ಒಂಬತ್ತಕ್ಕೆ ಇಳಿದ ಅಂಕಿ

ಬಾಯಿ ಬಿಗಿಹಿಡಿದುಕೊಂಡಿದ್ದರೆ ದೊರ್ಸಾಫಳ ಗಂಟೇನೂ ಹೋಗುತ್ತಿರಲಿಲ್ಲ. ರೋಗಿಯ ಕಡೆಯವರ ಹತ್ತಿರ ಅಂಕಿಗಿಂಕಿ ಆಡಬಾರದು ಎಂದು ಪ್ರೊಫೆಸರ್ ತಿಜಾನಿ ಮೊದಲ ದಿನವೇ ಗದರಿದ್ದರು. ಆದರೆ ನಮ್ಮೂರು ಸ್ಫಾಕ್ಸ್‌ನ ಪ್ರಯೋಗಾಲಯದಲ್ಲಿ ಆರು ವರ್ಷ ಕಣ್ಣು ಸವೆಸಿ ಅವಳು ಮಾಡಿದ ಸೆನ್ಸರ್ ಅದು, ಕೂದಲೆಳೆಯಷ್ಟು ಸಣ್ಣದು. ಪೆಟ್ಟು ಬಿದ್ದ ಮೆದುಳಿನೊಳಗೆ ಇಳಿಸಿದರೆ, ಸಾಯುತ್ತಿರುವ ಜೀವಕೋಶಗಳಿಂದ ಚೂರೇ ಚೂರು ಸೋರುವ ಪ್ರೋಟೀನನ್ನು ಹಿಡಿದು, ಎಷ್ಟಿದೆಯೆಂದು ಪರದೆಯ ಮೇಲೆ ತೋರಿಸುತ್ತಿತ್ತು. ಅಂಕಿ ಏರಿದರೆ ಕೇಡು, ಇಳಿದರೆ ಒಳ್ಳೆಯದು. ಹೆತ್ತ ಕೂಸನ್ನು ನಾಲ್ಕು ಜನಕ್ಕೆ ತೋರಿಸದೆ ಯಾರಿಗೆ ಇರಲಾಗುತ್ತದೆ, ಹೇಳಿ!

ಮನುಷ್ಯರಲ್ಲಿ ಅದನ್ನು ಮೊದಲು ಇಳಿಸಿದ್ದು ಲಝರನ ತಲೆಗೆ. ಬೆರಳುಗಳಿಗೆ ಆಡಿನ ಕೊಂಬು ತೊಟ್ಟು, ಕೊಂಬೆಗಳಿಂದ ಆಲಿವ್ ಕಾಯಿ ಬಾಚಿ ಉದುರಿಸುತ್ತಿದ್ದವನು ಏಣಿಯಿಂದ ಬಿದ್ದು, ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಹೆಂಡತಿ ಮಬ್ರೂಕಾ ವಾರ್ಡಿನ ಬಾಗಿಲಲ್ಲೇ ಬೀಡುಬಿಟ್ಟಿದ್ದಳು.

“ಏನಮ್ಮಾ ಡಾಕ್ಟರಮ್ಮ, ಇವತ್ತು ಎಷ್ಟಂತೆ ನಮ್ಮನೆಯವ್ರದ್ದು?”

“ನಾನು ಡಾಕ್ಟರಲ್ಲ ಅಕ್ಕಾ, ಎಷ್ಟು ಸಲ ಹೇಳ್ಲಿ? ಹದಿನೆಂಟು.”

“ನಿನ್ನೆ ಮೂವತ್ತಿತ್ತಲ್ವಾ! ನೋಡ್ದೆಯಾ? ಮರದಿಂದ ಇಳಿ ಇಳಿ ಅಂತ ಬಡ್ಕೊಂಡಾಗ ಇಳೀಲಿಲ್ಲ ಈ ಮನುಷ್ಯ. ಈಗ ಹೇಳ್ದೇನೇ ಇಳೀತಿದಾನೆ.”

ಮೊದಲ ದಿನ ಅರವತ್ತು, ಆಮೇಲೆ ನಲವತ್ತೈದು, ಮೂವತ್ತು, ಹದಿನೆಂಟು. ಐದನೆಯ ದಿನ ಒಂಬತ್ತು. ಮಬ್ರೂಕಾ ವಾರ್ಡಿನವರಿಗೆಲ್ಲ ಖರ್ಜೂರ ತುಂಬಿದ ಮಕ್ರೂದ್ ಮಿಠಾಯಿ ಹಂಚಿ, ದೊರ್ಸಾಫಳ ಬಾಯಿಗೆ ತಾನೇ ಒಂದು ತುರುಕಿದಳು.

ಅಂದು ಸಂಜೆ ಹಿರಿಯ ನರ್ಸ್ ಒಬ್ಬಳು ಮಬ್ರೂಕಾಳಿಗೆ, “ಮಗಳನ್ನ ಒಂದ್ಸಲ ಕರೆಸಿ ತೋರ್ಸಿಬಿಡಮ್ಮ” ಎಂದಳು. ಏಳು ವರ್ಷದ ಯುಸ್ರಾ ಒಂದೂವರೆ ಗಂಟೆ ದಾರಿಯ ಹಳ್ಳಿಯಲ್ಲಿ ಅಜ್ಜಿಯ ಜೊತೆಗಿದ್ದು, ಅಪ್ಪ ಬೇಕೆಂದು ದಿನಾ ಫೋನಿನಲ್ಲಿ ಅಳುತ್ತಿದ್ದಳು. ಮಬ್ರೂಕಾ ಆ ಮಾತನ್ನು ದೊರ್ಸಾಫಳ ಹತ್ತಿರ ತಂದಳು.

“ಈ ಪೈಪು, ಈ ಊದಿದ ಮುಖ ನೋಡಿ ಮಗು ಹೆದರ್ಕೊಳ್ಳಲ್ವಾ? ನೀನೇ ಹೇಳು, ಕರೆಸ್ಲಾ?”

“ಈಗ್ಯಾಕಕ್ಕಾ? ಹೇಗೂ ಇಳೀತಾ ಇದೆ. ಅವರು ಕಣ್ಣು ಬಿಟ್ಮೇಲೆ ಬರ್ಲಿ, ಅಪ್ಪ ಮಗಳು ಮಾತಾಡ್ಕೊಳ್ಲಿ.”

ಎಷ್ಟು ಸಲೀಸಾಗಿ ಬಂತು ಆ ಮಾತು!

ಐದು ದಿನ ಕಳೆದ ಮೇಲೆ ಸೆನ್ಸರನ್ನು ಹೊರತೆಗೆದು ಪರೀಕ್ಷಿಸುವುದು ನಿಯಮ. ಮರುದಿನ ಬೆಳಿಗ್ಗೆ ಎಂಟೂವರೆಗೆ ದೊರ್ಸಾಫ್ ಅದನ್ನು ಪ್ರಯೋಗಾಲಯಕ್ಕೆ ತಂದು, ಪ್ರೋಟೀನು ಎಷ್ಟಿದೆಯೆಂದು ಮೊದಲೇ ಗೊತ್ತಿದ್ದ ದ್ರವದಲ್ಲಿ ಅದ್ದಿದಳು. ನೂರು ತೋರಿಸಬೇಕಿತ್ತು. ಹನ್ನೊಂದು ತೋರಿಸಿತು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುದಿಯ ಸುತ್ತ ಬಿಳಿಯ ಪೊರೆ ಕಟ್ಟಿತ್ತು. ಕಟುಕರ ಅಂಗಡಿಯಿಂದ ತಂದ ಕುರಿಯ ಮೆದುಳಿನಲ್ಲಿ ಅವಳು ವಾರಗಟ್ಟಲೆ ಇಟ್ಟು ನೋಡಿದ್ದಳು. ಜೀವಂತ ಇಲಿಯಲ್ಲಿ ಇಟ್ಟದ್ದು ಒಂದೇ ದಿನ. ಸತ್ತ ಮೆದುಳು ಸುಮ್ಮನಿರುತ್ತದೆ. ಬದುಕಿರುವುದು ಹಾಗಲ್ಲ, ಒಳಹೊಕ್ಕ ಪರಕೀಯ ವಸ್ತುವನ್ನು ದಿನದಿನಕ್ಕೂ ಸುತ್ತಿ ಮುಚ್ಚುತ್ತದೆ. ಲಝರ್ ಸುಧಾರಿಸಿರಲಿಲ್ಲ, ಸೆನ್ಸರ್ ಕುರುಡಾಗಿತ್ತು. ನಿನ್ನೆಯ ಒಂಬತ್ತು ನಿಜದಲ್ಲಿ ಎಂಬತ್ತರ ಮೇಲೆ.

ಅವಳು ಪ್ರೊಫೆಸರಿಗೆ ಫೋನ್ ಮಾಡಿದಳು. “ಮೇಷ್ಟ್ರೇ, ಅವನದ್ದು ಇಳಿದಿಲ್ಲ, ಏರಿದೆ. ಓಡಿಹೋಗಿ ಅವನ ಹೆಂಡ್ತಿಗೆ ಹೇಳಿಬಿಡ್ಲಾ?”

“ಒಂದು ಸಲ ನೋಡಿ ಹೇಳೋಕೆ ನೀನೇನು ಕಾಫಿ ಬಟ್ಟಲು ನೋಡಿ ಭವಿಷ್ಯ ಹೇಳೋಳಾ? ಮೂರು ಸಲ ಅದ್ದಿ ನೋಡು. ಮೂರೂ ಒಂದೇ ಬಂದ್ರೆ ಬಾಯಿ ಬಿಡು.”

ಅವರ ಕಸುಬಿನಲ್ಲಿ ಇದಕ್ಕೆ ಎದುರು ಮಾತಿಲ್ಲ. ತೊಳೆದು, ಒಣಗಿಸಿ, ಮತ್ತೆ ಅದ್ದುವುದಕ್ಕೆ ಪ್ರತಿ ಸಲವೂ ಒಂದೂವರೆ ಗಂಟೆ. ನಿಜ ಹೇಳಬೇಕೆಂದರೆ ಅವಳಿಗೂ ಅದೇ ಬೇಕಾಗಿತ್ತು. ಮತ್ತೊಮ್ಮೆ ನೋಡಿದರೆ ನೂರು ಬಂದೀತು, ಮಬ್ರೂಕಾಳ ಮುಖ ನೋಡಿ ಹೇಳುವ ಸಂಕಟ ತಪ್ಪೀತು ಎಂಬ ಆಸೆ. ಹಾಳು ಆಸೆ! ಎರಡನೆಯ ಸಲವೂ ಹನ್ನೊಂದು ಬಂತು. ಮೂರನೆಯ ಸಲ ಹನ್ನೆರಡು.

ರಸ್ತೆ ದಾಟಿ ವಾರ್ಡಿಗೆ ಓಡಿ ಬರುವಾಗ ಮಧ್ಯಾಹ್ನ ದಾಟಿತ್ತು. ಲಝರನ ಮುಖದ ಮೇಲೆ ಹೊದಿಕೆ ಎಳೆದಿದ್ದರು. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಹೋದ ಎಂದು ನರ್ಸ್ ಹೇಳಿದಳು. ಮಬ್ರೂಕಾ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು.

“ಒಂಬತ್ತು ಅಂದಿದ್ದೆಯಲ್ಲ ಡಾಕ್ಟರಮ್ಮ.”

ದೊರ್ಸಾಫ್ ಅವಳ ಎದುರಿಗೇ ಕುಸಿದು ಕೂತಳು. “ಅದು ತಪ್ಪಕ್ಕಾ. ಸೆನ್ಸರ್ ಕೆಟ್ಟಿತ್ತು. ನಂಗೆ ಗೊತ್ತಾಗ್ಲಿಲ್ಲ.”

“ಯಾವಾಗ ಗೊತ್ತಾಯ್ತು?”

“ಬೆಳಿಗ್ಗೆ ಎಂಟೂವರೆಗೆ.”

“ಎಂಟೂವರೆಗೆ ಹೊರಟಿದ್ರೆ ಹತ್ತಕ್ಕೆಲ್ಲ ಬಂದಿರ್ತಿದ್ಲು ನನ್ ಮಗು. ಹನ್ನೊಂದೇ ಆಗ್ಲಿ. ಆಗ್ಲೂ ಕೈ ಬೆಚ್ಚಗಿತ್ತು ಅವ್ರದ್ದು, ಹಿಡ್ಕೊಂಡಿದ್ದೆ ನಾನು.” ಅವಳ ಧ್ವನಿ ಒಡೆಯಿತು. “ಯಾಕೆ ಬರ್ಲಿಲ್ಲ ನೀನು?”

“ಮೂರು ಸಲ ನೋಡ್ಬೇಕಿತ್ತು.”

“ಒಂಬತ್ತು ಅಂತ ಹೇಳೋವಾಗ ಎಷ್ಟು ಸಲ ನೋಡಿದ್ದೆ?”

 

“ಒಂದೇ ಸಲ ಅಕ್ಕಾ.”

ಮಬ್ರೂಕಾ ಹಳ್ಳಿಗೆ ಫೋನ್ ಹಚ್ಚಿ, ಹೊರಗೆ ಚಳಿಯಿದೆ, ಯುಸ್ರಾಗೆ ಸ್ವೆಟರ್ ಹಾಕಿ ಕರ್ಕೊಂಡು ಬಾ ಎಂದು ತಾಯಿಗೆ ಹೇಳಿದಳು.