ಬಿಚ್ಚಿದ ಕಡತ

1999ರ ಫೆಬ್ರವರಿ 11, ಗುರುವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಗುಡ್ಡಪ್ಪನ ಕೈಗೆ ತಾಲ್ಲೂಕು ಕಚೇರಿಯ ಹಿಂಬರಹ ಬಂತು. ಅವನು ಕೇಳಿದ್ದ 1971ರ ಕಡತದ ಸಂಖ್ಯೆಯ ಮುಂದೆ ಇಂಗ್ಲಿಷಿನ ಒಂದೇ ಪದವಿತ್ತು: ಡಿಸ್ಟ್ರಾಯ್ಡ್.

ಆ ಕಡತದಲ್ಲಿ ಅವನ ಗೇಣಿ ಚೀಟಿ ಇತ್ತು. ಅಂಬ್ಲಿಗೊಳದ ಕಾಲುವೆ ಕೆಲಸದಲ್ಲಿ ಬೆಳೆ ಹಾಳಾದಾಗ ಪರಿಹಾರಕ್ಕೆಂದು ಕೊಟ್ಟದ್ದು. ನಕಲು ಸಾಕೆಂದು ಗುಮಾಸ್ತರು ಹೇಳಿದರೂ ಅವನು ಅಸಲನ್ನೇ ಕೊಟ್ಟಿದ್ದ. ಜೂನ್‌ನಿಂದ ನವೆಂಬರ್‌ವರೆಗೆ ಕುರಿಗಳೊಂದಿಗೆ ಬಯಲುಸೀಮೆ ಅಲೆಯುವವನಿಗೆ ಕಾಗದ ಇಡಲು ಕಚೇರಿಗಿಂತ ಭದ್ರವಾದ ಜಾಗ ಹೊಳೆದಿರಲಿಲ್ಲ.

ಹಿಂದೆ ಅರ್ಜಿ ಹಾಕದೆ ಉಳಿದ ಗೇಣಿದಾರರಿಗೆ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಸರ್ಕಾರ ಈಗ ಕೊನೆಯ ಅವಕಾಶ ಕೊಟ್ಟಿತ್ತು. 1974ಕ್ಕೆ ಮೊದಲೇ ಆ ಎರಡೂಕಾಲು ಎಕರೆ ಉಳುತ್ತಿದ್ದೆನೆಂದು ತೋರಿಸಲು ಅವನ ಬಳಿ ಬೇರೇನೂ ಇರಲಿಲ್ಲ. ವಿಚಾರಣೆ ಸೋಮವಾರವಿತ್ತು.

ಗಂಡ ಹೆಂಡತಿ ಸೊರಬದ ಬಸ್ ನಿಲ್ದಾಣದ ಎದುರು ಅರ್ಜಿ ಬರೆದುಕೊಡುವ ಸದಾಶಿವಪ್ಪನವರ ಬಳಿ ಹೋದರು. ಅವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು.

"ನಾಶ ಆಗಿದೆ ಅಂತ" ಎಂದರು, ಹಿಂಬರಹ ಓದಿ.

"ಅದು ಗೊತ್ತಾತ್ರೀ. ಹೆಂಗ ನಾಶ? ಸುಟ್ರಾ, ಹರಿದ್ರಾ, ಗೆದ್ದಲು ತಿಂತಾ?"

"ಈ ಪದ ಅದನ್ನ ಹೇಳಲ್ಲ ಕಣಪ್ಪ."

ಗುಡ್ಡಪ್ಪನ ಹೆಂಡತಿ ಹಾಲಮ್ಮ ನಡುವೆ ಬಾಯಿ ಹಾಕಿದಳು. "ಮೂವತ್ತು ವರ್ಷ ಪಾಠ ಹೇಳೀರಿ. ಒಂದು ಪದ ಬಿಡಿಸಾಕೆ ಬರಲ್ಲೇನ್ರೀ?"

ಮೇಷ್ಟ್ರಿಗೆ ಅದು ನಾಟಿತು. ಚೀಲದಿಂದ ದಪ್ಪ ನಿಘಂಟು ತೆಗೆದು, ಕನ್ನಡಕ ಏರಿಸಿಕೊಂಡರು.

"ಇದರ ಬೇರು ಲ್ಯಾಟಿನ್ನು. ಸ್ಟ್ರುಯೆರೆ ಅಂದ್ರೆ ಒಂದರ ಮೇಲೊಂದು ಪೇರಿಸೋದು, ಕಟ್ಟೋದು. ಡಿ ಅಂದ್ರೆ ಅದರ ಉಲ್ಟಾ. ಪೇರಿಸಿದ್ದನ್ನ ಬಿಚ್ಚಿ ಕೆಳಗಿಳಿಸೋದು."

"ನಾವು ಕುರಿ ಹಟ್ಟಿ ಬಿಚ್ಚಿದಂಗ?"

"ಹೆಚ್ಚುಕಮ್ಮಿ ಹಂಗೇ."

"ಬಿಚ್ಚಿದ್ರೆ ಗೂಟ, ಬಲೆ ಎಲ್ಲಾ ಇರ್ತಾವಲ್ರೀ. ಮುಂದಿನ ಹೊಲದಾಗ ಅದನ್ನೇ ಹಾಕ್ತೀವಿ."

ಹಾಗಲ್ಲ ಎಂದು ಮೇಷ್ಟ್ರು ಅಲ್ಲೇ ಹೇಳಬೇಕಿತ್ತು. ಅವರು ನಿಘಂಟು ಮುಚ್ಚಿ, "ವಿಚಾರಿಸಿ ನೋಡು" ಎಂದರು.

ಕಡತಗಳ ಕೋಣೆಯ ನೌಕರ ಪಂಚಾಕ್ಷರಪ್ಪ ರಿಜಿಸ್ಟರ್ ನೋಡಿ ಹೇಳಿದ. ಇಡುವ ಅವಧಿ ಮುಗಿದ ಕಡತಗಳು. ನಿಯಮದಂತೆ ಹರಾಜು ಹಾಕಿದ್ದು. ಆನವಟ್ಟಿಯ ಗುಜರಿಯವರು ತೂಕಕ್ಕೆ ಕೊಂಡಿದ್ದಾರೆ.

"ಹೋದ ಆಗಸ್ಟ್‌ನಲ್ಲಿ ನೋಟೀಸು ಹಚ್ಚಿದ್ವಲ್ಲಪ್ಪ, ಒಂದು ತಿಂಗಳು."

"ಆಗಸ್ಟ್‌ನಾಗ ನಾ ಹರಿಹರದ ಕಡೆ ಕುರಿ ಹಿಂದ ಇದ್ನಿ."

"ಅದಕ್ಕೆ ನಾನೇನು ಮಾಡ್ಲಿ?"

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಆನವಟ್ಟಿಗೆ ಹೋದರು. ಗುಜರಿ ಅಂಗಡಿಯ ತಾಯಮ್ಮ ಮಾತು ಮುಗಿಯುವ ಮೊದಲೇ ತಲೆಯಾಡಿಸಿದಳು.

"ಹಿಂಬದಿ ಖಾಲಿ ಇರೋ ಹಾಳೆ ಕಿರಾಣಿಯೋರು ಒಯ್ದರು, ಪೊಟ್ಟಣ ಕಟ್ಟಕೆ. ಉಳಿದಿದ್ದು ಕಾಗದದ ಗಿರಣಿಗೆ. ಕಡತದ ಮೇಲಿನ ರಟ್ಟು ಮಾತ್ರ ಯಾರಿಗೂ ಬೇಡಾಯ್ತು. ಅಲ್ಲಿ ಐತೆ ನೋಡ್ಕಳಿ."

ತಗಡಿನ ಮಾಡಿನಡಿ ರಟ್ಟುಗಳನ್ನು ಸೊಂಟದೆತ್ತರಕ್ಕೆ ಪೇರಿಸಿಟ್ಟಿದ್ದರು. ಗುಡ್ಡಪ್ಪನಿಗೆ ಓದಲು ಬರುತ್ತಿರಲಿಲ್ಲ. ಎರಡನೇ ತರಗತಿವರೆಗೆ ಕಲಿತ ಹಾಲಮ್ಮ ಒಂದೊಂದನ್ನೇ ಎತ್ತಿ ಓದಿದಳು. ಸಂಜೆ ಐದರ ಹೊತ್ತಿಗೆ ಗಂಡನ ಹೆಸರಿದ್ದ ರಟ್ಟು ಸಿಕ್ಕಿತು. ಒಳಗೆ ಹಾಳೆಗಳಿರಲಿಲ್ಲ. ಒಳಮೈಗೆ ಅಂಟಿಸಿದ್ದ ಪಟ್ಟಿಯಲ್ಲಿ ನೀಲಿ ಶಾಯಿಯ ಮೂರನೇ ಸಾಲು: ಅಸಲು ಗೇಣಿ ಚೀಟಿ, ಒಂದು.

"ಬರ್ದಾರಲ್ಲ. ಇಷ್ಟು ಸಾಕಾಗಲ್ಲೇನು?" ಎಂದ ಗುಡ್ಡಪ್ಪ.

ಹಾಲಮ್ಮ ರಟ್ಟನ್ನು ಸೆರಗಿನಿಂದ ಒರೆಸುತ್ತಿದ್ದಳು. "ನಕಲು ಕೊಡು ಅಂದ್ರೆ ಅಸಲು ಕೊಟ್ಟು ಬಂದ ಧಣಿ ನೀನು" ಎಂದಳು.

ಸೋಮವಾರ ಅಧಿಕಾರಿ ರಟ್ಟನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಒರಟಾಗಿ ಮಾತಾಡಲಿಲ್ಲ.

"ಚೀಟಿ ಒಂದು ಇತ್ತು ಅಂತ ಇದರಲ್ಲಿದೆ. ಯಾವ ಜಮೀನು, ಯಾವ ವರ್ಷದ್ದು, ಯಾರು ಕೊಟ್ಟಿದ್ದು? ಅದು ಎಲ್ಲಿದೆ?"

ಗುಡ್ಡಪ್ಪ ಮೇಷ್ಟ್ರ ಕಡೆ ನೋಡಿದ. ಸದಾಶಿವಪ್ಪ ಬಾಗಿಲ ಬಳಿ ನಿಂತಿದ್ದರು.

"ಬಿಚ್ಚ್ಯಾರಂತ ಸ್ವಾಮಿ" ಎಂದ ಗುಡ್ಡಪ್ಪ.

ಫೆಬ್ರವರಿ 22ರಂದು ಅರ್ಜಿ ವಜಾ ಆಯಿತು. ಮಾರ್ಚ್ ಮೊದಲ ವಾರ ಜಮೀನಿನ ಒಡೆಯರ ಕಡೆಯವರು ಎರಡೂಕಾಲು ಎಕರೆಗೂ ತಂತಿ ಬೇಲಿ ಹಾಕಿದರು.